ಜನ ಮೊದಲಿಂದಲೂ ಇದ್ದರು: ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಮತ್ತು ಒಂದು ತಪ್ಪು ತಕ್ಕಡಿ

ಕಬ್ಬಿಣದ ಬಕೆಟ್ಟು, ಅದನ್ನು ಬಡಿಯಲು ಒಂದು ಮರದ ಕೋಲು. 1970ರ ದಶಕದ ಆರಂಭದಲ್ಲಿ ಫಿಲಡೆಲ್ಫಿಯಾ ಹತ್ತಿರದ ಇಮ್ಯಾಕ್ಯುಲಾಟಾ ಕಾಲೇಜಿನ ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಆಡಲು ಹೋದ ಕಡೆಯೆಲ್ಲ ಈ ಸದ್ದೂ ಹೋಗುತ್ತಿತ್ತು. ಒಬ್ಬ ಆಟಗಾರ್ತಿಯ ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ ಇತ್ತು. ಬಕೆಟ್‌ಗಳು ಬಂದದ್ದು ಅಲ್ಲಿಂದ. ಬಾರಿಸುತ್ತಿದ್ದವರಲ್ಲಿ ಮನೆಯವರು, ಗೆಳತಿಯರ ಜೊತೆಗೆ ಆ ಕಾಲೇಜು ನಡೆಸುತ್ತಿದ್ದ ಕ್ರೈಸ್ತ ಸಿಸ್ಟರ್‌ಗಳೂ ಇದ್ದರು. ನಿಲುವಂಗಿ ತೊಟ್ಟ ಹಿರಿಯ ಹೆಂಗಸರು ಬಕೆಟ್ ಹಿಡಿದು ಕಿವಿಗಡಚಿಕ್ಕುವ ಹಾಗೆ ಬಾರಿಸುತ್ತಿದ್ದರು.

ಆ ತಂಡಕ್ಕೆ ಆಡಲು ಸ್ವಂತ ಅಂಗಣವೇ ಇರಲಿಲ್ಲ. ಇದ್ದದ್ದು ಬೆಂಕಿಗೆ ಆಹುತಿಯಾಗಿತ್ತು. 1972ರಲ್ಲಿ ಕಾಲೇಜು ಮಹಿಳಾ ತಂಡಗಳ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಟೂರ್ನಿ ಇಲಿನಾಯ್ ರಾಜ್ಯದಲ್ಲಿ ನಡೆದಾಗ ಎಲ್ಲರನ್ನೂ ಕಳಿಸುವಷ್ಟು ದುಡ್ಡೂ ಇರಲಿಲ್ಲ. ಹುಡುಗಿಯರು ಟೂತ್‌ಬ್ರಷ್ ಮಾರಿ ಹಣ ಕೂಡಿಸಿದರು. ಕೊನೆಗೆ ಎಂಟೇ ಜನ, ಸೀಟು ಖಾಲಿ ಇದ್ದರೆ ಮಾತ್ರ ಹತ್ತಿಸಿಕೊಳ್ಳುವ ಅಗ್ಗದ ಟಿಕೆಟ್ಟಿನಲ್ಲಿ ವಿಮಾನ ಹತ್ತಿದರು. 16 ತಂಡಗಳಲ್ಲಿ ಅವರಿಗೆ ಕೊಟ್ಟ ಸ್ಥಾನ 15. ಫೈನಲ್‌ನಲ್ಲಿ ವೆಸ್ಟ್ ಚೆಸ್ಟರ್ ತಂಡವನ್ನು 52–48ರಲ್ಲಿ ಸೋಲಿಸಿ ಗೆದ್ದು ಬಂದರು. ಮುಂದಿನ ಎರಡು ವರ್ಷವೂ ಅವರದ್ದೇ ಗೆಲುವು.

1975ರ ಜನವರಿಯಲ್ಲಿ ಮಹಿಳಾ ಕಾಲೇಜು ಪಂದ್ಯವೊಂದು ಮೊದಲ ಬಾರಿಗೆ ದೇಶಕ್ಕೆಲ್ಲ ಟಿವಿಯಲ್ಲಿ ಬಂತು. ಆಡಿದ್ದು ಇಮ್ಯಾಕ್ಯುಲಾಟಾ ಮತ್ತು ಮೇರಿಲ್ಯಾಂಡ್. ಮರು ತಿಂಗಳು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇದೇ ಹುಡುಗಿಯರು ಕ್ವೀನ್ಸ್ ಕಾಲೇಜಿನ ವಿರುದ್ಧ ಆಡಿದರು. ಸುಮಾರು 12,000 ಜನ ಬಂದರು. ಅದರ ಬೆನ್ನಿಗೇ ಗಂಡಸರ ಪಂದ್ಯವೂ ಇತ್ತು. ಹುಡುಗಿಯರ ಆಟ ಮುಗಿದದ್ದೇ ತುಂಬಾ ಜನ ಎದ್ದು ಮನೆಗೆ ಹೊರಟರು.

ಇದು ನಡೆದು ಐವತ್ತು ವರ್ಷ ದಾಟಿದೆ. ಈ ಐವತ್ತು ವರ್ಷವೂ ಒಂದು ಮಾತು ಕೇಳಿಬರುತ್ತಲೇ ಇದೆ: ಹುಡುಗಿಯರ ಬ್ಯಾಸ್ಕೆಟ್‌ಬಾಲನ್ನು ಯಾರು ನೋಡ್ತಾರೆ? 2024ರ ಏಪ್ರಿಲ್‌ನಲ್ಲಿ ಈ ಪ್ರಶ್ನೆಗೆ ಎಲ್ಲರಿಗೂ ಕಾಣುವಂಥ ಉತ್ತರ ಸಿಕ್ಕಿತು. ಸೌತ್ ಕೆರೊಲಿನಾ ಮತ್ತು ಅಯೋವಾ ನಡುವಿನ ಫೈನಲ್ ಪಂದ್ಯವನ್ನು ಸರಾಸರಿ 1.89 ಕೋಟಿ ಜನ ನೋಡಿದರು. ಮರುದಿನ ನಡೆದ ಗಂಡಸರ ಫೈನಲ್‌ಗೆ 1.48 ಕೋಟಿ. ಹುಡುಗಿಯರ ಫೈನಲ್ ಗಂಡಸರ ಫೈನಲ್ಲನ್ನು ಮೀರಿಸಿದ್ದು ಅದೇ ಮೊದಲು. ಪತ್ರಿಕೆಗಳು ಇದನ್ನು ಪವಾಡ ಅನ್ನೋ ಹಾಗೆ ಬರೆದವು. ಅಯೋವಾ ತಂಡದ ಕೇಟ್ಲಿನ್ ಕ್ಲಾರ್ಕ್ ಎಂಬ ಒಬ್ಬ ಹುಡುಗಿ ರಾತ್ರೋರಾತ್ರಿ ಒಂದು ಆಟಕ್ಕೆ ಜನರನ್ನು ತಂದಳು ಅನ್ನೋದು ಎಲ್ಲರ ಬಾಯಲ್ಲೂ ಇದ್ದ ಕಥೆ.

ಕ್ಲಾರ್ಕ್ ಅಸಾಧಾರಣ ಆಟಗಾರ್ತಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಥೆಯಲ್ಲಿ ಅರ್ಧ ಬಿಟ್ಟುಹೋಗಿದೆ. ಜನ ಮೊದಲಿಂದಲೂ ಇದ್ದರು. ಅವರನ್ನು ಸರಿಯಾಗಿ ತೂಗುವ ತಕ್ಕಡಿಯೇ ಇರಲಿಲ್ಲ. ಆ ತಪ್ಪು ತಕ್ಕಡಿಯ ಪರಿಣಾಮ ಇವತ್ತಿಗೂ ಮುಗಿದಿಲ್ಲ. ಈಗ ಅದು ನ್ಯಾಯಾಲಯದವರೆಗೆ ಬಂದು ನಿಂತಿದೆ.

ಅಯೋವಾದ ಅಜ್ಜಿಯರು

ಅಯೋವಾ ಮೆಕ್ಕೆಜೋಳ ಬೆಳೆಯುವ, ಹಂದಿ ಸಾಕುವ ರೈತರ ರಾಜ್ಯ. ಚಳಿಗಾಲ ಉದ್ದ, ಊರುಗಳು ಸಣ್ಣವು. ಅಲ್ಲಿನ ಹೈಸ್ಕೂಲುಗಳಲ್ಲಿ ಹುಡುಗಿಯರು ಆಡುತ್ತಿದ್ದ ಬ್ಯಾಸ್ಕೆಟ್‌ಬಾಲ್ ಬೇರೆ ಥರದ್ದು. ತಂಡಕ್ಕೆ ಐವರ ಬದಲು ಆರು ಜನ. ಅಂಗಣದ ಮಧ್ಯೆ ಒಂದು ಗೆರೆ. ಒಂದು ಕಡೆ ಚೆಂಡು ಹಾಕುವ ಮೂವರು, ಇನ್ನೊಂದು ಕಡೆ ತಡೆಯುವ ಮೂವರು. ಗೆರೆ ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಜಾಸ್ತಿ ನೆಲಕ್ಕೆ ಪುಟಿಸುವಂತೆಯೂ ಇಲ್ಲ.

ಹೆಣ್ಣುಮಕ್ಕಳ ಮೈ ದಣಿಯಬಾರದು ಎಂಬ ಹಳೇ ಕಾಲದ ಯೋಚನೆಯಿಂದ ಹುಟ್ಟಿದ ನಿಯಮ ಇದು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ಹುಡುಗಿಯರಿಗೆ ಕಲಿಸಿದರು. ಅಂಗಣವನ್ನು ಭಾಗ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಭಾಗ ಎಂದು ಕಟ್ಟುಹಾಕಿದ್ದೂ ಅವರೇ. 1893ರಲ್ಲಿ ಅಲ್ಲಿ ನಡೆದ ಮೊದಲ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವಿರಲಿಲ್ಲ. ಆದರೂ ಗ್ಯಾಲರಿ ತುಂಬಿತ್ತು.

ಅಯೋವಾದಲ್ಲಿ ಈ ನಿಯಮದ ಒಳಗೇ ಒಂದು ದೊಡ್ಡ ಜಾತ್ರೆ ಬೆಳೆಯಿತು. 1925ರಲ್ಲಿ ರಾಜ್ಯದ ಶಾಲಾ ಕ್ರೀಡಾ ಸಂಘ, ಹುಡುಗಿಯರು ಜನರ ಮುಂದೆ ಆಡುವುದು ಸರಿಯಲ್ಲ ಎಂದು ಅವರ ಟೂರ್ನಿಯನ್ನು ಕೈಬಿಡಲು ಹೊರಟಿತು. ಸಣ್ಣ ಊರುಗಳ ಶಾಲಾ ಮುಖ್ಯಸ್ಥರು ಒಪ್ಪಲಿಲ್ಲ. ಈ ಆಟ ನಿಲ್ಲಿಸೋಕೆ ಹೊರಟರೆ ನೀವು ರೈಲು ಹಳಿಯ ಮಧ್ಯೆ ನಿಂತ ಹಾಗೆ, ರೈಲು ಮೈಮೇಲೆ ಹಾದುಹೋಗುತ್ತೆ ಎಂದು ಒಬ್ಬರು ಎದ್ದು ನಿಂತು ಎಚ್ಚರಿಸಿದರಂತೆ. ಅವರೆಲ್ಲ ಹೊರಗೆ ಬಂದು ಹುಡುಗಿಯರಿಗಾಗಿಯೇ ಬೇರೆ ಸಂಘ ಕಟ್ಟಿದರು. ನಿಯಮ ಕಟ್ಟಿಹಾಕುವಂಥದ್ದೇ ಇರಬಹುದು. ಆದರೆ ಆಟ ಉಳಿಯಿತು.

ಪ್ರತಿ ಮಾರ್ಚ್‌ನಲ್ಲಿ ರಾಜಧಾನಿ ಡೆಮೊಯ್ನ್‌ನಲ್ಲಿ ನಡೆಯುತ್ತಿದ್ದ ಆ ಟೂರ್ನಿಗೆ ಊರಿಗೆ ಊರೇ ಬೀಗ ಹಾಕಿಕೊಂಡು ಹೋಗುತ್ತಿತ್ತು. ಸಾವಿರಾರು ಸೀಟುಗಳ ಸಭಾಂಗಣದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸುತ್ತಲಿನ ರಾಜ್ಯಗಳಿಗೂ ಟಿವಿಯಲ್ಲಿ ಪ್ರಸಾರವಾಗುತ್ತಿತ್ತು. 1968ರ ಫೈನಲ್ ನೋಡಿದವರು ಇವತ್ತಿಗೂ ಅದನ್ನು ಮರೆತಿಲ್ಲ. ಒಂದು ಕಡೆ ಎವರ್ಲಿ ಊರಿನ ಜೀನೆಟ್ ಓಲ್ಸನ್, ಒಬ್ಬಳೇ 76 ಅಂಕ. ಇನ್ನೊಂದು ಕಡೆ ಯೂನಿಯನ್–ವಿಟನ್ ಶಾಲೆಯ ಡೆನೀಸ್ ಲಾಂಗ್, 64 ಅಂಕ. ಹೆಚ್ಚುವರಿ ಸಮಯದಲ್ಲಿ ಲಾಂಗ್ ತಂಡ 113–107ರಲ್ಲಿ ಗೆದ್ದಿತು. ಮರುವರ್ಷ ಗಂಡಸರ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡುವ ಸ್ಯಾನ್ ಫ್ರಾನ್ಸಿಸ್ಕೋ ತಂಡ, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಲಾಂಗ್ ಹೆಸರನ್ನು ಕೂಗಿತು. ಲೀಗ್ ಅದನ್ನು ಅಲ್ಲಿಗೇ ರದ್ದು ಮಾಡಿತು.

ಈಗ ಯೋಚನೆ ಮಾಡಿ. 1968ರಲ್ಲಿ ಹದಿನೈದು ವರ್ಷದವಳಾಗಿ ಆ ಪಂದ್ಯ ನೋಡಿದ ಹುಡುಗಿಗೆ ಈಗ ಎಪ್ಪತ್ತು ದಾಟಿದೆ. ಅವಳ ಅಮ್ಮ ಆಡಿದ್ದಳು, ಅವಳು ಆಡಿದಳು, ಅವಳ ಮಗಳೂ ಆಡಿರಬಹುದು. ಯಾಕಂದ್ರೆ ಆರು ಜನರ ಆಟ ಅಯೋವಾದಲ್ಲಿ 1993ರವರೆಗೂ ನಡೆಯಿತು. ಹುಡುಗಿಯರ ಆಟ ನೋಡಬೇಕು ಅಂತ ಅಯೋವಾದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1985ರ ಫೆಬ್ರವರಿ 3ರಂದು ಇದರ ಬಿಸಿ ಅಯೋವಾ ವಿಶ್ವವಿದ್ಯಾಲಯಕ್ಕೆ ತಟ್ಟಿತು. ಮಹಿಳಾ ಕ್ರೀಡೆಯ ಮುಖ್ಯಸ್ಥೆಯಾಗಿದ್ದವರು ಕ್ರಿಸ್ಟೀನ್ ಗ್ರಾಂಟ್. ಕೋಚ್ ಆಗಿ ಅವರು ಕರೆತಂದಿದ್ದವರು ವಿವಿಯನ್ ಸ್ಟ್ರಿಂಗರ್. ಅವತ್ತು ಒಹಾಯೊ ಸ್ಟೇಟ್ ವಿರುದ್ಧದ ಪಂದ್ಯಕ್ಕೆ ಜನ ಬರುತ್ತಲೇ ಹೋದರು. ಕಾರ್ವರ್–ಹಾಕೈ ಅಂಗಣದಲ್ಲಿ ಸುಮಾರು 15,500 ಸೀಟು. ಒಳಗೆ ಸೇರಿದ್ದು 22,157 ಜನ. ಮೆಟ್ಟಿಲ ಮೇಲೆ, ಓಡಾಡುವ ದಾರಿಯಲ್ಲಿ, ಎಲ್ಲಿ ನೋಡಿದರೂ ಜನ. ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ ಅಲ್ಲಿಯವರೆಗೆ ಅಷ್ಟು ಜನ ಸೇರಿರಲೇ ಇಲ್ಲ. ಕ್ಲಾರ್ಕ್ ಹುಟ್ಟಿದ್ದು ಇದಾದ 17 ವರ್ಷಕ್ಕೆ.

2023ರ ಅಕ್ಟೋಬರ್‌ನಲ್ಲಿ ಅದೇ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಮರದ ಹಲಗೆ ಹಾಸಿ, ಬಯಲಲ್ಲೇ ಒಂದು ಪ್ರದರ್ಶನ ಪಂದ್ಯ ಆಡಿಸಿದರು. ಮೋಡ, ಚಳಿಗಾಳಿ. 55,646 ಜನ ಬಂದು ಕೂತರು. ಅದು ಎಲ್ಲಿಂದಲೋ ಉದುರಿದ ಜನ ಅಲ್ಲ ಅನ್ನೋದು ಈಗ ನಿಮಗೂ ಗೊತ್ತಾಗಿರಬೇಕು, ಅಲ್ವಾ?

ಕಳೆದುಹೋದ ದಾಖಲೆ ಪುಸ್ತಕ

ಹಾಗಾದರೆ ಇವರನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ? ಒಂದು ಕಾರಣ 1982ರಲ್ಲಿದೆ.

1972ರ ಜೂನ್‌ನಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು–ಗಂಡು ಎಂದು ಭೇದ ಮಾಡುವಂತಿಲ್ಲ ಎನ್ನುವ ಕಾನೂನು ಅದು. ಆಗ ಮಹಿಳಾ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದದ್ದು ಎಐಎಡಬ್ಲ್ಯು ಎಂಬ ಸಂಘ. ಮಹಿಳೆಯರೇ ಕಟ್ಟಿದ್ದು, ಮಹಿಳೆಯರೇ ನಡೆಸಿದ್ದು. ಗಂಡಸರ ಕ್ರೀಡೆಯ ಸಂಘ ಎನ್‌ಸಿಎಎ ಮೊದಲು ಈ ಕಾನೂನನ್ನೇ ವಿರೋಧಿಸಿತು. ಆಮೇಲೆ ಮಹಿಳಾ ಕ್ರೀಡೆಯಲ್ಲಿ ಬೆಳೆ ಕಾಣತೊಡಗಿದಾಗ, 1982ರಲ್ಲಿ ತನ್ನದೇ ಮಹಿಳಾ ಟೂರ್ನಿ ಶುರುಮಾಡಿತು. ತಂಡಗಳ ಖರ್ಚನ್ನೂ ತಾನೇ ಕೊಡುತ್ತೇನೆ ಅಂತು. ದೊಡ್ಡ ಕಾಲೇಜುಗಳು ಅತ್ತ ಹೋದವು. ಎಐಎಡಬ್ಲ್ಯು ಬಾಗಿಲು ಮುಚ್ಚಿತು.

ಸಂಘ ಮುಚ್ಚಿದರೆ ಅದರ ನೆನಪೂ ಮುಚ್ಚಿಹೋಗುತ್ತೆ. ಎನ್‌ಸಿಎಎ ತನ್ನ ಮಹಿಳಾ ದಾಖಲೆಗಳನ್ನು 1982ರಿಂದ ಬರೆಯತೊಡಗಿತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಲಿನೆಟ್ ವುಡರ್ಡ್ 1977ರಿಂದ 1981ರವರೆಗೆ ಗಳಿಸಿದ 3,649 ಅಂಕ ಆ ಪುಸ್ತಕದಲ್ಲಿ ಇರಲೇ ಇಲ್ಲ. ಮೂರು ಅಂಕದ ಗೆರೆ ಇನ್ನೂ ಬಂದಿರದ ಕಾಲ, ಗಂಡಸರ ದೊಡ್ಡ ಚೆಂಡಿನಲ್ಲೇ ಹುಡುಗಿಯರೂ ಆಡುತ್ತಿದ್ದ ಕಾಲ ಅದು. 2024ರ ಫೆಬ್ರವರಿ 15ರಂದು ಕ್ಲಾರ್ಕ್ 3,527 ಅಂಕದ ಎನ್‌ಸಿಎಎ ದಾಖಲೆ ಮುರಿದಾಗ ದೇಶವೆಲ್ಲ ಹಬ್ಬ ಮಾಡಿತು. ಹಳೇ ಅಭಿಮಾನಿಗಳು ಮಾತ್ರ ತಾಳಿ, ಇನ್ನೂ ವುಡರ್ಡ್ ಇದ್ದಾರೆ ಅಂದರು. ಎರಡು ವಾರ ಬಿಟ್ಟು ಮಿನೆಸೋಟಾದಲ್ಲಿ ಕ್ಲಾರ್ಕ್ ಆ ಸಂಖ್ಯೆಯನ್ನೂ ದಾಟಿದಳು. ಅಷ್ಟರಲ್ಲಿ ವುಡರ್ಡ್ ಯಾರೆಂದು ಹೊಸಬರಿಗೂ ಗೊತ್ತಾಗಿತ್ತು. ನಲವತ್ತು ವರ್ಷ ಆ ಹೆಸರನ್ನು ಕಾದಿಟ್ಟವರು ಅಭಿಮಾನಿಗಳು. ಇದನ್ನು ಬರೆಯುವಾಗ ನನಗೆ ಅವರ ಬಗ್ಗೆ ನಿಜವಾಗಿಯೂ ಹೆಮ್ಮೆ ಅನಿಸುತ್ತದೆ.

ಇಬ್ಬರು ಕೋಚ್, ಒಂದು ಸಣ್ಣ ಟಿವಿ ಚಾನೆಲ್

ಅಯೋವಾದ ಜನ ತಮ್ಮಷ್ಟಕ್ಕೆ ತಾವು ಬೆಳೆದರೆ, ಟೆನೆಸಿ ಮತ್ತು ಕನೆಕ್ಟಿಕಟ್‌ನಲ್ಲಿ ಅಭಿಮಾನಿಗಳನ್ನು ಒಬ್ಬೊಬ್ಬರನ್ನಾಗಿ ಕೂಡಿಸಬೇಕಾಯಿತು. 1974ರಲ್ಲಿ ಪ್ಯಾಟ್ ಸಮಿಟ್ ಟೆನೆಸಿ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದಾಗ ಅವರಿಗೆ ಬರೀ 22 ವರ್ಷ. ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸುವುದು ಅವರೇ, ಆಟಗಾರ್ತಿಯರ ಬೆವರು ಹತ್ತಿದ ಬಟ್ಟೆ ಒಗೆಯುವುದೂ ಅವರೇ. ಮೊದಲ ಪಂದ್ಯ ಒಂದು ಅಂಕದಿಂದ ಸೋತರು. ನೋಡಲು ಬಂದವರು ಐವತ್ತು ಚಿಲ್ಲರೆ ಜನ. 2006ರ ಜನವರಿಯಲ್ಲಿ ಅವರದೇ ತಂಡ ಕನೆಕ್ಟಿಕಟ್ ವಿರುದ್ಧ ಆಡಿದಾಗ ಬಂದವರು 24,653 ಜನ. ನಡುವಿನ ಮೂವತ್ತು ವರ್ಷ ಅವರು ಊರೂರು ಸುತ್ತಿ, ಕರೆದ ಕಡೆ ಮಾತಾಡಿ, ಬಂದವರ ಕೈಕುಲುಕಿ ಕೂಡಿಸಿದ ಜನ ಅದು. ನಿವೃತ್ತಿಯ ಹೊತ್ತಿಗೆ 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. 2011ರಲ್ಲಿ ತಮಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ತಾವೇ ಹೇಳಿಕೊಂಡರು. 2016ರಲ್ಲಿ ತೀರಿಕೊಂಡರು.

ಕನೆಕ್ಟಿಕಟ್ ಕಥೆ ಇನ್ನೂ ಕುತೂಹಲದ್ದು. 1985ರಲ್ಲಿ ಅಲ್ಲಿಗೆ ಬಂದ ಜೀನೊ ಆರಿಯೆಮಾ ಇಂದಿಗೂ ಅಲ್ಲೇ ಇದ್ದಾರೆ. 1995ರ ಜನವರಿ 16ರಂದು ಅವರ ತಂಡ ಮೊದಲ ಬಾರಿಗೆ ಟೆನೆಸಿಯನ್ನು ಎದುರಿಸಿ 77–66ರಲ್ಲಿ ಗೆದ್ದಿತು. ಆ ವರ್ಷ ಒಂದೂ ಪಂದ್ಯ ಸೋಲದೆ 35–0. ಹಿಂದಿನ ವರ್ಷದಿಂದಲೇ ಆ ರಾಜ್ಯದ ಸಾರ್ವಜನಿಕ ಟಿವಿ ಚಾನೆಲ್ ಸಿಪಿಟಿವಿ ಈ ತಂಡದ ಪಂದ್ಯಗಳನ್ನು ತೋರಿಸತೊಡಗಿತ್ತು. ನಮ್ಮ ಹಳೇ ದೂರದರ್ಶನದ ಹಾಗೆ ಲಾಭಕ್ಕಾಗಿ ನಡೆಯದ ಚಾನೆಲ್. ವ್ಯತ್ಯಾಸ ಅಂದ್ರೆ, ಅದು ನಡೆಯುವುದು ಬಹುಪಾಲು ನೋಡುಗರ ದೇಣಿಗೆಯಿಂದ. ಪಂದ್ಯದ ನಡುವೆ ಚಾನೆಲ್‌ನವರು ದೇಣಿಗೆ ಕೇಳುತ್ತಿದ್ದರು. ಜನ ಮನೆಯಿಂದಲೇ ಫೋನ್ ಮಾಡಿ ಕೊಡುತ್ತಿದ್ದರು. ಟಿಕೆಟ್ ಕೊಳ್ಳಲಾಗದವರು, ದೂರದವರು, ವಯಸ್ಸಾದವರು, ಎಲ್ಲರಿಗೂ ಆ ತಂಡ ಮನೆ ಮಗಳಾಯಿತು. 1997ರಲ್ಲಿ ರಾಜ್ಯದ ಒಂದೇ ದೊಡ್ಡ ವೃತ್ತಿಪರ ತಂಡ, ಐಸ್ ಹಾಕಿಯ ವೇಲರ್ಸ್, ಊರು ಬಿಟ್ಟು ಹೋಯಿತು. ಆಮೇಲೆ ಚಳಿಗಾಲದ ಸಂಜೆಗಳಿಗೆ ಈ ಹುಡುಗಿಯರ ತಂಡವೇ ಜೊತೆ. 2012ರವರೆಗೂ ಸಿಪಿಟಿವಿ ಈ ಪಂದ್ಯಗಳನ್ನು ತೋರಿಸಿತು.

ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಜಾಹೀರಾತುದಾರರು ಬೆಲೆ ಕಟ್ಟುವ ಮೊದಲೇ, ನೋಡುವವರು ತಮ್ಮ ಜೇಬಿನಿಂದ ಬೆಲೆ ಕಟ್ಟಿದ್ದರು. ಪ್ರತಿ ಪಂದ್ಯ, ಪ್ರತಿ ಚಳಿಗಾಲ, ಒಂದೇ ಚಾನೆಲ್‌ನಲ್ಲಿ ಆಟ ಸಿಗುತ್ತದೆ ಎಂಬ ಭರವಸೆ ಇದ್ದರೆ ನೋಡುವ ಅಭ್ಯಾಸ ತಾನಾಗಿ ಬೆಳೆಯುತ್ತದೆ. ಉಳಿದ ರಾಜ್ಯಗಳಲ್ಲಿ ಆ ಭರವಸೆ ಸಿಗಲಿಲ್ಲ. ಆಟ ತೋರಿಸಲಿಲ್ಲ, ಆದ್ದರಿಂದ ಜನ ನೋಡಲಿಲ್ಲ. ಜನ ನೋಡಲಿಲ್ಲ, ಆದ್ದರಿಂದ ತೋರಿಸಲಿಲ್ಲ.

ಅಭಿಮಾನಿಗಳ ಪಟ್ಟು ಎಷ್ಟು ಗಟ್ಟಿ ಅನ್ನೋದಕ್ಕೆ ಟೆನೆಸಿಯಿಂದಲೇ ಇನ್ನೊಂದು ಸಂಗತಿ. ಅಲ್ಲಿನ ಎಲ್ಲ ಮಹಿಳಾ ತಂಡಗಳಿಗೂ ‘ಲೇಡಿ ವಾಲ್ಸ್’ ಎಂಬ ಹೆಸರಿತ್ತು. 2014ರಲ್ಲಿ ವಿಶ್ವವಿದ್ಯಾಲಯ, ಬ್ಯಾಸ್ಕೆಟ್‌ಬಾಲ್ ಒಂದನ್ನು ಬಿಟ್ಟು ಉಳಿದೆಲ್ಲ ಆಟಗಳಿಗೆ ಆ ಹೆಸರು ತೆಗೆಯುವುದಾಗಿ ಘೋಷಿಸಿತು. ‘ಲೇಡಿ’ ಅನ್ನೋ ಪದ ಹಳೇ ಕಾಲದ್ದು, ಹುಡುಗಿಯರನ್ನು ಬೇರೆ ಮಾಡುತ್ತೆ ಅನ್ನುವವರ ಮಾತಲ್ಲೂ ಅರ್ಥವಿದೆ. ಆದರೆ ಆ ಹೆಸರಿನಲ್ಲಿ ಬೆವರು ಹರಿಸಿದ ಹಳೇ ಆಟಗಾರ್ತಿಯರಿಗೂ ಅವರ ಹಿಂದೆ ನಿಂತ ಜನರಿಗೂ ಅದು ಗಳಿಸಿದ ಹೆಸರು. ಸಹಿ ಸಂಗ್ರಹಿಸಿದರು, ಪತ್ರ ಬರೆದರು, ಸುಮ್ನೆ ಬಿಡಲಿಲ್ಲ. 2017ರಲ್ಲಿ ಹೆಸರು ವಾಪಸ್ ಬಂತು.

ಸೌತ್ ಕೆರೊಲಿನಾದ ಬಗ್ಗೆ ಚಿಕ್ಕದಾಗಿ ಹೇಳಬೇಕು. ಫಿಲಡೆಲ್ಫಿಯಾದಲ್ಲಿ ಬೆಳೆದ ಡಾನ್ ಸ್ಟೇಲಿ 2008ರಲ್ಲಿ ಅಲ್ಲಿನ ಕೋಚ್ ಆದರು. ಅವರು ಅಭಿಮಾನಿಗಳನ್ನು ಮನೆಯವರು ಅನ್ನುವ ಅರ್ಥದಲ್ಲೇ ‘ಫ್ಯಾಮ್ಸ್’ ಎಂದು ಕರೆಯುತ್ತಾರೆ. 18,000 ಸೀಟಿನ ಅಂಗಣ. 2015ರಿಂದ ಈಚೆಗೆ ದೇಶದಲ್ಲೇ ಅತಿ ಹೆಚ್ಚು ಜನ ಸೇರುವ ಮಹಿಳಾ ಪಂದ್ಯಗಳು ಇಲ್ಲಿನವು. ಅಲ್ಲಿ ಕಪ್ಪು ಮತ್ತು ಬಿಳಿಯ ಕುಟುಂಬಗಳು ಅಕ್ಕಪಕ್ಕ ಕೂತು ನೋಡುತ್ತವೆ. ದಕ್ಷಿಣದ ಆ ರಾಜ್ಯದ ಇತಿಹಾಸ ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. 2017, 2022, 2024ರಲ್ಲಿ ಪ್ರಶಸ್ತಿ. 2024ರಲ್ಲಂತೂ 38–0.

ಒಂದು ಸ್ಟ್ಯಾಂಡ್ ಡಂಬಲ್

2021ರ ಮಾರ್ಚ್. ಕೋವಿಡ್ ಕಾಲ. ಎಲ್ಲ ಮಹಿಳಾ ತಂಡಗಳನ್ನೂ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ, ಗಂಡಸರ ತಂಡಗಳನ್ನು ಇಂಡಿಯಾನಾದಲ್ಲಿ ಇರಿಸಿದ್ದರು. ಆರೆಗನ್ ತಂಡದ ಸೆಡೋನಾ ಪ್ರಿನ್ಸ್ ತನ್ನ ಫೋನಿನಲ್ಲಿ ಒಂದು ವಿಡಿಯೊ ಮಾಡಿದಳು. ಗಂಡಸರ ಜಿಮ್: ಉದ್ದಕ್ಕೂ ಸಾಲಾಗಿ ಯಂತ್ರಗಳು, ಭಾರದ ತಟ್ಟೆಗಳು. ಹುಡುಗಿಯರ ಜಿಮ್: ಒಂದು ಸ್ಟ್ಯಾಂಡ್ ಡಂಬಲ್, ಒಂದಿಷ್ಟು ಯೋಗ ಚಾಪೆ. ಜಾಗ ಸಾಲಲಿಲ್ಲ ಎಂದು ಎನ್‌ಸಿಎಎ ಹೇಳಿತ್ತು. ಪ್ರಿನ್ಸ್ ಕ್ಯಾಮೆರಾ ತಿರುಗಿಸಿದಳು. ಪಕ್ಕದಲ್ಲಿ ಖಾಲಿ ಬಿದ್ದ ವಿಶಾಲ ಜಾಗ.

ವಿಡಿಯೊ ಲಕ್ಷಾಂತರ ಜನರನ್ನು ತಲುಪಿತು. ಒಂದೊಂದೇ ಹೊರಬಂತು. ಗಂಡಸರಿಗೆ ನಿಖರವಾದ ಪಿಸಿಆರ್ ಪರೀಕ್ಷೆ, ಹುಡುಗಿಯರಿಗೆ ಅಗ್ಗದ ಆಂಟಿಜನ್ ಪರೀಕ್ಷೆ. ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಪ್ರಸಿದ್ಧ ಹೆಸರನ್ನು ಗಂಡಸರ ಟೂರ್ನಿಗೆ ಮಾತ್ರ ಬಳಸುತ್ತಿದ್ದರು. ಎನ್‌ಸಿಎಎ ಒಂದು ಕಾನೂನು ಸಂಸ್ಥೆಯಿಂದ ತನಿಖೆ ಮಾಡಿಸಿತು. ಕ್ಯಾಪ್ಲನ್ ವರದಿ ಎಂದೇ ಹೆಸರಾದ ಅದು 2021ರ ಆಗಸ್ಟ್‌ನಲ್ಲಿ ಬಂತು. ನನ್ನ ಪ್ರಕಾರ ಈ ಇಡೀ ಕಥೆಯ ಬೀಗದ ಕೈ ಆ ವರದಿಯಲ್ಲಿದೆ.

ವರದಿ ಹೇಳಿದ್ದಿಷ್ಟು. ಗಂಡಸರ ಟೂರ್ನಿಯ ಪ್ರಸಾರ ಹಕ್ಕನ್ನು ಎನ್‌ಸಿಎಎ ಬೇರೆಯಾಗಿ ಮಾರುತ್ತಿತ್ತು. 2010ರ ಒಪ್ಪಂದವೇ 14 ವರ್ಷಕ್ಕೆ 1,080 ಕೋಟಿ ಡಾಲರ್. ಮಹಿಳಾ ಬ್ಯಾಸ್ಕೆಟ್‌ಬಾಲನ್ನು ಮಾತ್ರ ಇನ್ನಿತರ ಇಪ್ಪತ್ತಕ್ಕೂ ಹೆಚ್ಚು ಚಾಂಪಿಯನ್‌ಶಿಪ್‌ಗಳ ಜೊತೆ ಒಂದೇ ಗಂಟಿನಲ್ಲಿ ಕಟ್ಟಿ, ಒಟ್ಟು ವರ್ಷಕ್ಕೆ 3.4 ಕೋಟಿ ಡಾಲರ್‌ನಷ್ಟಕ್ಕೆ ಕೊಟ್ಟುಬಿಟ್ಟಿತ್ತು. ಹಲಸಿನ ಹಣ್ಣನ್ನು ಸೊಪ್ಪಿನ ಕಟ್ಟಿನ ಜೊತೆ ಸೇರಿಸಿ ಒಂದೇ ದರಕ್ಕೆ ಮಾರಿದ ಹಾಗೆ. ಸಾಲದ್ದಕ್ಕೆ, ಮಹಿಳಾ ಟೂರ್ನಿಗೆ ಪ್ರಾಯೋಜಕರಾಗಬೇಕು ಅನ್ನುವ ಕಂಪನಿಯೂ ಗಂಡಸರ ಟೂರ್ನಿಯ ಹಕ್ಕು ಪಡೆದವರ ಮೂಲಕವೇ ಬರಬೇಕಿತ್ತು. ಬೇರೆಯಾಗಿ ಮಾರಿದರೆ ಮಹಿಳಾ ಟೂರ್ನಿಯೊಂದಕ್ಕೇ 2025ರ ಹೊತ್ತಿಗೆ ವರ್ಷಕ್ಕೆ 8.1ರಿಂದ 11.2 ಕೋಟಿ ಡಾಲರ್ ಬರಬಹುದು ಎಂದು ವರದಿ ಅಂದಾಜು ಮಾಡಿತು.

2024ರ ಜನವರಿಯಲ್ಲಿ ಹೊಸ ಒಪ್ಪಂದವಾಯಿತು. ಮತ್ತೆ ಗಂಟು. 40 ಚಾಂಪಿಯನ್‌ಶಿಪ್‌ಗಳು, 8 ವರ್ಷ, 92 ಕೋಟಿ ಡಾಲರ್. ಅದರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಬೆಲೆ ವರ್ಷಕ್ಕೆ 6.5 ಕೋಟಿ ಡಾಲರ್ ಎಂದು ಎನ್‌ಸಿಎಎ ಹೇಳಿತು. ಅಂದರೆ ನಲವತ್ತರಲ್ಲಿ ಒಂದೇ ಆಟಕ್ಕೆ ಅರ್ಧಕ್ಕಿಂತ ಜಾಸ್ತಿ. ಹಿಂದಿಗೆ ಹೋಲಿಸಿದರೆ ದೊಡ್ಡ ಜಿಗಿತ, ಒಪ್ಪುತ್ತೇನೆ. ಆದರೆ ಸಹಿ ಬಿದ್ದದ್ದು ಆ 1.89 ಕೋಟಿ ಜನ ನೋಡಿದ ಫೈನಲ್‌ಗೆ ಮೂರು ತಿಂಗಳು ಮೊದಲು. ಎಂಟು ವರ್ಷಕ್ಕೆ ಬೆಲೆ ಕಟ್ಟಿ ಆಗಿತ್ತು.

ಇನ್ನೊಂದು ತಿದ್ದುಪಡಿ 2025ರ ಜನವರಿಯಲ್ಲಿ ಆಯಿತು. ಗಂಡಸರ ಟೂರ್ನಿಯಲ್ಲಿ ಒಂದು ತಂಡ ಫೈನಲ್ ಬಿಟ್ಟು ಆಡುವ ಪ್ರತಿ ಪಂದ್ಯಕ್ಕೂ, ಆ ಕಾಲೇಜು ಸೇರಿರುವ ಕಾಲೇಜುಗಳ ಒಕ್ಕೂಟಕ್ಕೆ ಹಣದ ಪಾಲು ಸಿಗುತ್ತದೆ. ‘ಯೂನಿಟ್’ ಅನ್ನುತ್ತಾರೆ. 1991ರಿಂದಲೂ ಇದೆ. ಮಹಿಳಾ ಟೂರ್ನಿ ಗೆದ್ದರೆ ಸಿಗುತ್ತಿದ್ದದ್ದು ಸೊನ್ನೆ. ಕಾಲೇಜಿನ ಲೆಕ್ಕ ನೋಡುವವರ ಜಾಗದಲ್ಲಿ ನಿಂತು ನೋಡಿ: ಒಂದು ತಂಡಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತೆ, ಇನ್ನೊಂದಕ್ಕೆ ಹಾಕಿದ್ದು ಬರೋದೇ ಇಲ್ಲ. ಹೀಗಿದ್ದಾಗ ಯಾರು ಯಾವುದಕ್ಕೆ ಹಾಕ್ತಾರೆ? 34 ವರ್ಷದ ನಂತರ ಸದಸ್ಯರು ಮತ ಹಾಕಿ ಮಹಿಳೆಯರಿಗೂ ಯೂನಿಟ್ ಕೊಟ್ಟರು. ಮೊದಲ ವರ್ಷ 1.5 ಕೋಟಿ ಡಾಲರ್, ಮೂರನೇ ವರ್ಷದ ಹೊತ್ತಿಗೆ 2.5 ಕೋಟಿ.

ಈಗಿನ ಜಗಳ

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಹೊಸ ಲೆಕ್ಕ ಬಂತು. ಅಮೆರಿಕದ ಕಾಲೇಜು ಆಟಗಾರರಿಗೆ ಬಹಳ ಕಾಲ ಸ್ಕಾಲರ್‌ಶಿಪ್ ಬಿಟ್ಟು ಬೇರೆ ಹಣ ಪಡೆಯುವ ಹಾಗಿರಲಿಲ್ಲ. 2021ರ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಲು ಅವಕಾಶವಾಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಅದರಂತೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ 2.05 ಕೋಟಿ ಡಾಲರ್. ಹಿಂದೆ ಆಡಿದವರಿಗೆ ಬಾಕಿಯಾಗಿ ಸುಮಾರು 280 ಕೋಟಿ ಡಾಲರ್.

ಬಾಕಿ ಹಣ ಯಾರಿಗೆ ಎಷ್ಟು? ಅದರ ಬಹುಪಾಲಿಗೆ ಹಾಕಿದ ಲೆಕ್ಕ ಹೀಗಿದೆ: ನೂರರಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ ಸುಮಾರು 75 ಪಾಲು, ಗಂಡಸರ ಬ್ಯಾಸ್ಕೆಟ್‌ಬಾಲ್‌ಗೆ 15, ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ 5, ಉಳಿದೆಲ್ಲ ಆಟಗಳಿಗೂ ಸೇರಿ 5. ಯಾವ ಆಟದಿಂದ ಎಷ್ಟು ಪ್ರಸಾರ ಹಣ ಬಂತೋ ಅದರ ಮೇಲೆ ಈ ಪಾಲು. ಹೊಸ ಹಣ ಹಂಚುವಾಗಲೂ ಅನೇಕ ದೊಡ್ಡ ಕಾಲೇಜುಗಳು ಇದೇ ಅಳತೆಯನ್ನು ಮಾದರಿಯಾಗಿ ಇಟ್ಟುಕೊಂಡವು.

ನನ್ನ ತಕರಾರು ಇರುವುದು ಇಲ್ಲೇ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ: ಗಳಿಸಿದವರಿಗೆ ಗಳಿಸಿದಷ್ಟು. ಆದರೆ ಗಳಿಕೆಯ ಲೆಕ್ಕ ಬಂದದ್ದು ಎಲ್ಲಿಂದ? ಆ ಹಳೇ ಗಂಟಿನ ಒಪ್ಪಂದಗಳಿಂದ. ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಸಿಗಬೇಕಾದ ಬೆಲೆ ಸಿಗಲಿಲ್ಲ ಎಂದು ಎನ್‌ಸಿಎಎ ತಾನೇ ಮಾಡಿಸಿದ ತನಿಖೆ ಬರೆದಿಟ್ಟಿದೆ. ಅದೇ ಕಡಿಮೆ ಬೆಲೆಯನ್ನು ಸಾಕ್ಷಿಯಾಗಿ ಹಿಡಿದು, ನಿಮ್ಮ ಆಟದ ಯೋಗ್ಯತೆ ಇಷ್ಟೇ ಅಂದರೆ ಹೇಗೆ? ತಪ್ಪು ತಕ್ಕಡಿಯಲ್ಲಿ ತೂಗಿದ ಅಕ್ಕಿಯ ಚೀಟಿ ತೋರಿಸಿ, ನೀನು ತಂದದ್ದೇ ಇಷ್ಟು ಅಂದ ಹಾಗಾಯಿತು.

ಕೆಲವು ಆಟಗಾರ್ತಿಯರು ಇದೇ ವಾದ ಹಿಡಿದು, ಈ ಹಂಚಿಕೆ ಟೈಟಲ್ ನೈನ್‌ಗೆ ವಿರುದ್ಧ ಎಂದು ಮೇಲ್ಮನವಿ ಸಲ್ಲಿಸಿದರು. ಅದರಿಂದ ಬಾಕಿ ಹಣದ ವಿತರಣೆಗೆ ತಡೆ ಬಿತ್ತು. ಸರ್ಕಾರದ ನಿಲುವೂ ಹೊಯ್ದಾಡಿತು. 2025ರ ಜನವರಿಯಲ್ಲಿ ಬೈಡನ್ ಆಡಳಿತದ ಶಿಕ್ಷಣ ಇಲಾಖೆ, ಕಾಲೇಜು ಕೊಡುವ ಈ ಹಣಕ್ಕೂ ಟೈಟಲ್ ನೈನ್ ಅನ್ವಯಿಸುತ್ತದೆ ಅಂತು. ಫೆಬ್ರವರಿಯಲ್ಲಿ ಟ್ರಂಪ್ ಆಡಳಿತ ಅದನ್ನು ಹಿಂದಕ್ಕೆ ಪಡೆಯಿತು.

ನಮ್ಮ ಕಡೆಯ ಹುಡುಗಿಯರಿಗೂ ಈ ಹೊಸ ವ್ಯವಸ್ಥೆಯ ಒಂದು ಅಂಚು ತಗಲುತ್ತದೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಹೀಗೆ ಹೊರದೇಶದಿಂದ ಹೋಗುವವರು ಸಾಮಾನ್ಯವಾಗಿ ಇರುವುದು ವಿದ್ಯಾರ್ಥಿ ವೀಸಾದ ಮೇಲೆ. ಆ ವೀಸಾದಲ್ಲಿ ದುಡಿಯುವುದಕ್ಕೆ ಕಟ್ಟುನಿಟ್ಟಿನ ಮಿತಿ. ಪಕ್ಕದಲ್ಲೇ ಅಭ್ಯಾಸ ಮಾಡುವ ಗೆಳತಿ ಜಾಹೀರಾತಿನಲ್ಲಿ ಗಳಿಸುವಾಗ, ಇವರಿಗೆ ಅಮೆರಿಕದ ನೆಲದಲ್ಲಿ ಆ ದಾರಿ ಬಹುತೇಕ ಮುಚ್ಚಿರುತ್ತದೆ.

ಜನ ಜಾಸ್ತಿಯಾದಾಗ ಅಭಿಮಾನಿಗಳ ಒಳಗೂ ಗಾಯಗಳಾದವು. 2023ರ ಫೈನಲ್‌ನಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ತಂಡದ ಏಂಜೆಲ್ ರೀಸ್, ಕ್ಲಾರ್ಕ್ ಕಡೆ ಕೈಸನ್ನೆ ಮಾಡಿದ್ದಕ್ಕೆ ವಿಪರೀತ ಬೈಗುಳ ತಿಂದಳು. ಅದೇ ಸನ್ನೆಯನ್ನು ಕ್ಲಾರ್ಕ್ ಅದೇ ಟೂರ್ನಿಯಲ್ಲಿ ಮಾಡಿದಾಗ ಜನ ಚಪ್ಪಾಳೆ ತಟ್ಟಿದ್ದರು. ರೀಸ್ ಕಪ್ಪು ಹುಡುಗಿ, ಕ್ಲಾರ್ಕ್ ಬಿಳಿ ಹುಡುಗಿ. ರೀಸ್‌ಳನ್ನು ಬೈಯಬಾರದು ಎಂದು ಕ್ಲಾರ್ಕ್‌ಳೇ ಹೇಳಿದಳು. ಎಲ್ಲ ಒಬ್ಬಳಿಂದಲೇ ಆಯಿತು ಅನ್ನುವ ಕಥೆ ಕೊನೆಗೆ ಹೀಗೇ ಕೆಡುತ್ತದೆ. ಅದರಲ್ಲಿ ವುಡರ್ಡ್‌ಗೂ, ಸ್ಟ್ರಿಂಗರ್‌ಗೂ, ಸ್ಟೇಲಿಗೂ ಜಾಗವಿಲ್ಲ.

ಕ್ಲಾರ್ಕ್ ಕಾಲೇಜು ಮುಗಿಸಿ ಹೋದ ಮೇಲೆ ಎಲ್ಲರ ಪ್ರಶ್ನೆ ಒಂದೇ ಇತ್ತು: ಈಗ ಯಾರು ನೋಡ್ತಾರೆ? 2025ರ ಫೈನಲ್‌ನಲ್ಲಿ ಕನೆಕ್ಟಿಕಟ್ ತಂಡ ಸೌತ್ ಕೆರೊಲಿನಾವನ್ನು 82–59ರಲ್ಲಿ ಸೋಲಿಸಿ ತನ್ನ 12ನೇ ಪ್ರಶಸ್ತಿ ಗೆದ್ದಿತು. ನೋಡಿದವರು ಸುಮಾರು 85 ಲಕ್ಷ. ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆ ನಿಜ. ಆದರೂ ಕ್ಲಾರ್ಕ್ ಆಡಿದ 2023, 2024ರ ಎರಡು ಫೈನಲ್‌ಗಳನ್ನು ಬಿಟ್ಟರೆ, ಅದಕ್ಕೆ ಹಿಂದಿನ ಇಪ್ಪತ್ತು ವರ್ಷದಲ್ಲಿ ಯಾವ ಮಹಿಳಾ ಫೈನಲ್‌ಗೂ ಅಷ್ಟು ಜನ ಇರಲಿಲ್ಲ.

ಅಯೋವಾದಲ್ಲಿ 2024–25ರ ಇಡೀ ಋತುವಿನ ಟಿಕೆಟ್‌ಗಳು ಆಟ ಶುರುವಾಗುವ ಮೊದಲೇ ಮುಗಿದವು. ಹೊಸ ಕೋಚ್ ಜಾನ್ ಜೆನ್ಸನ್, ಅಯೋವಾದ ಸಣ್ಣ ಊರಿನವರು. 1987ರಲ್ಲಿ ಆರು ಜನರ ಆಟದಲ್ಲಿ ಪಂದ್ಯಕ್ಕೆ ಸರಾಸರಿ 66 ಅಂಕ ಹಾಕಿದ್ದ ಹುಡುಗಿ. ಅವರ ಅಜ್ಜಿಯೂ ನೂರು ವರ್ಷದ ಹಿಂದೆ ಆಡುಬಾನ್ ಎಂಬ ಊರಿನ ಶಾಲೆಗೆ ಇದೇ ಆಟ ಆಡಿದವರು. 2025ರ ಫೆಬ್ರವರಿ 2ರಂದು ಕಾರ್ವರ್ ಅಂಗಣದಲ್ಲಿ ಕ್ಲಾರ್ಕ್‌ಳ 22 ನಂಬರಿನ ಜೆರ್ಸಿಯನ್ನು ಮೇಲಕ್ಕೇರಿಸುವ ಸಮಾರಂಭ ಇತ್ತು. ಎದುರಾಳಿ ದೇಶದಲ್ಲೇ ನಾಲ್ಕನೇ ಸ್ಥಾನದಲ್ಲಿದ್ದ ದಕ್ಷಿಣ ಕ್ಯಾಲಿಫೋರ್ನಿಯಾ ತಂಡ. ಕ್ಲಾರ್ಕ್ ಪ್ರೇಕ್ಷಕರ ನಡುವೆ ಕೂತಿದ್ದಳು. ಅಂಗಣ ತುಂಬಿತ್ತು. ಅಯೋವಾ 76–69ರಲ್ಲಿ ಗೆದ್ದಿತು.